ಎಡಸುತ್ತಿನ ಆರತಿ

ಗೋಡೆಗೆ ಬಿಗಿದ ಬಿಳಿ ಪಂಚೆಯ ಮೇಲೆ ಒಬ್ಬ ಹೆಣ್ಣುಮಗಳು ಆರತಿ ತಟ್ಟೆ ಹಿಡಿದು ನಿಂತಿದ್ದಳು. ದೀಪದ ಹಿಂದೆ ಅವಳ ತುಟಿಗಳು ಆಡುತ್ತಿದ್ದವು. ಸದ್ದು ಮಾತ್ರ ಇರಲಿಲ್ಲ. ಪ್ರೊಜೆಕ್ಟರಿನ ಗರಗರದ ನಡುವೆ ಅವಳನ್ನು ಮೊದಲ ಸಲ ನೋಡಿದ ಆ ಮಧ್ಯಾಹ್ನ, ಕಾರಣವಿಲ್ಲದೆ ನನ್ನ ಕೈ ಕೊರಳ ರುದ್ರಾಕ್ಷಿಯ ಮೇಲೆ ಹೋಗಿತ್ತು.

ಉಳ್ಳವರು ಮನೆಮಟ್ಟಿಗೆ ತೆಗೆದುಕೊಂಡ ಸಣ್ಣ ಫಿಲ್ಮುಗಳಿಗೆ ಹೋದ ದನಿಯನ್ನು ಮರಳಿ ಕೂಡಿಸುವುದು ಆಗ ನನ್ನ ಕಸುಬು. ಅಂಥ ಫಿಲ್ಮಿನ ಅಂಚಿಗೆ ಸಪೂರವಾದ ಒಂದು ಕಂದು ಪಟ್ಟಿ ಇರುತ್ತದೆ. ದನಿ ಕೂರುವುದು ಅದರ ಮೇಲೆ. ಪಟ್ಟಿ ಉದುರಿದರೆ ಹೊಸದು ಬಳಿದು, ತುಟಿಗೆ ಹೊಂದುವಂತೆ ಹಾಡನ್ನೋ ಮಾತನ್ನೋ ತುಂಬಬೇಕು.

ಸುರುಳಿ ತಂದವರು ಜವಳಿ ಅಂಗಡಿಯ ನಾಗಭೂಷಣಯ್ಯ. ಚಿತ್ರದಲ್ಲಿದ್ದವಳು ಅವರ ಹೆಂಡತಿ ಅಂಬುಜಾಕ್ಷಿ. ಹೊಸ ಮನೆಯ ಗೃಹಪ್ರವೇಶದಂದು ಅವರೇ ತೆಗೆದದ್ದಂತೆ. ವರ್ಷ ತುಂಬುವ ಮೊದಲೇ ಆಕೆ ಹಿತ್ತಲ ಬಾವಿಗೆ ಬಿದ್ದು ತೀರಿಹೋಗಿದ್ದಳು. ಕಾಲು ಜಾರಿತು ಎಂದು ಅವರು ಹೇಳಿದರು. ಊರೂ ಹಾಗೇ ಹೇಳಿತು.

“ತಂಡಿಗೆ ಸೌಂಡು ಹೋಗಿದೆ ಸ್ವಾಮಿ. ಅವತ್ತು ಆರತಿ ಹಾಡು ಹೇಳಿದ್ದಳು. ಯಾರ ಕೈಲಾದ್ರೂ ಹಾಡಿಸಿ ಕೂಡಿಸಿಬಿಡಿ,” ಎಂದರು. ಹಾಲಿನಂಥ ಮಾತು ಅವರದು.

ಅವರಿಗೆ ಎರಡನೆಯ ಸಂಬಂಧ ಕೂಡಿಬಂದಿತ್ತು. ನಮ್ಮೂರಿನಲ್ಲಿ ಅಂಥ ಮನೆಗೆ ಹೆಣ್ಣು ಕೊಡುವವರು, ಮೊದಲು ಮುತ್ತೈದೆಯಾಗಿ ಹೋದವಳ ಪಟದ ಮುಂದೆ ಸೀರೆ ಕುಂಕುಮ ಇಟ್ಟು ಅಪ್ಪಣೆ ಕೇಳುತ್ತಾರೆ. ವೀಳ್ಯ ಬದಲಾಗುವುದು ಆಮೇಲೆ.

“ಪಟ ಯಾಕೆ, ಅವಳೇ ಹಾಡ್ತಾ ಬರ್ತಾಳೆ ಅಂದೆ. ಹುಡುಗಿಯ ಸೋದರತ್ತೆಗೆ ಬಹಳ ಸಂತೋಷವಾಯ್ತು,” ಎಂದು ನಕ್ಕರು.

ಅವರು ಹೋದಮೇಲೆ ಕೆಲಸಕ್ಕೆ ಕುಳಿತೆ. ಆರತಿ ಎಡಕ್ಕೆ ಸುತ್ತುತ್ತಿತ್ತು. ದೇವರಿಗಾಗಲಿ, ಮನುಷ್ಯರಿಗಾಗಲಿ ಬಲಕ್ಕೆ ಬೆಳಗುವುದು ಪದ್ಧತಿ. ಸುರುಳಿಯನ್ನು ಮಗುಚಿ ಹಾಕಿರಬೇಕು ಎಂದುಕೊಂಡೆ. ಈ ಸಣ್ಣ ಫಿಲ್ಮಿನಲ್ಲಿ ಆ ತಪ್ಪು ಸುಲಭ, ಎಡ ಬಲವಾಗಿಬಿಡುತ್ತದೆ. ತಿರುಗಿಸಿ ಹಾಕಿದೆ. ಆರತಿ ಬಲಕ್ಕೆ ಬಂತು, ಆದರೆ ಆಕೆಯ ಸೆರಗು ಬಲ ಹೆಗಲಿಗೆ ಹೋಗಿ ಕೂತಿತು. ಮೊದಲು ಹಾಕಿದ್ದೇ ಸರಿಯಾಗಿತ್ತು.

ಆಮೇಲೆ ಅಂಚನ್ನು ಭೂತಗನ್ನಡಿಯಡಿ ಹಿಡಿದೆ. ತಂಡಿಗೆ ಉದುರಿದ ಪಟ್ಟಿ ಹಪ್ಪಳಿಕೆಯಾಗಿ ಏಳುತ್ತದೆ. ಇಲ್ಲಿ ಉದ್ದಕ್ಕೂ ಬ್ಲೇಡಿನ ಗೀರು. ಯಾರೋ ತಾಳ್ಮೆಯಿಂದ ಕೂತು ಹೆರೆದಿದ್ದರು. ಒಂದು ಕಡೆ ಮಾತ್ರ ಗೇಣುದ್ದ ಪಟ್ಟಿ ತಪ್ಪಿಸಿಕೊಂಡಿತ್ತು. ಯಂತ್ರಕ್ಕೆ ಕೊಟ್ಟೆ. ಕ್ಯಾಮೆರಾದ ಪಕ್ಕದಿಂದಲೇ ಒಂದು ಗಂಡುದನಿ, ಏರದೆ ಇಳಿಯದೆ, “ಸುಮ್ನಿರು,” ಎಂದಿತು.

ಅದೇ ಹಾಲಿನಂಥ ಮಾತು. ಗೃಹಪ್ರವೇಶದ ದಿನ, ದೀಪ ಹಿಡಿದವಳಿಗೆ ಹೇಳುವ ಮಾತೇ ಅದು?

ಮರುದಿನ ಹಾಡಲು ಗೌರಕ್ಕ ಬಂದರು. ಸೋಬಾನೆಗೆ ನಮ್ಮೂರಲ್ಲಿ ಅವರ ಕಂಠವೇ ಆಗಬೇಕು.

“ಏನಪ್ಪಾ, ಸತ್ತೋರಿಗೆ ಬಾಯಿ ಕೊಡ್ತೀಯಂತೆ? ನನ್ನದೂ ಒಂದು ಸುರುಳಿ ಎತ್ತಿಡು. ಹೋದಮೇಲೂ ಸೊಸೇನ ಬೈಯೋಕೆ ಬೇಕಾಗ್ತದೆ,” ಎನ್ನುತ್ತ ಎಲೆಯಡಿಕೆ ಹಾಕಿಕೊಂಡು ಕುಳಿತರು.

ಪಂಚೆಯ ಮೇಲೆ ಆ ತುಟಿಗಳು ಮತ್ತೆ ಆಡಿದವು. ಗೌರಕ್ಕ ಅಗಿಯುವುದನ್ನು ನಿಲ್ಲಿಸಿದರು.

“ತಿರುಗಾಮುರುಗಾ ಹಾಕಿದೀಯೇನೋ?”

“ಇಲ್ಲಕ್ಕ, ಸೆರಗು ನೋಡಿ.”

“ಅವತ್ತು ಅವಳ ತವರಿನೋರು ಬಂದಿದ್ರಾ?”

“ಇಡೀ ಸುರುಳಿಯಲ್ಲಿ ಆಕೆ ಬಿಟ್ಟು ಒಬ್ಬರೂ ಕಾಣೋದಿಲ್ಲ.”

ಗೌರಕ್ಕ ಎದ್ದು ಹೊರಗೆ ಉಗಿದು ಬಂದರು. ದನಿ ತಗ್ಗಿತ್ತು. “ಇದು ಗಂಡಸರಿಗೆ ಹೇಳೋ ಮಾತಲ್ಲ. ಮದುವೆಗೆ ಮುಂಚೆ ಅವ್ವಂದಿರು ಕಿವಿಯಲ್ಲಿ ಹೇಳಿ ಕಳಿಸ್ತಾರೆ. ಹೋದ ಮನೇಲಿ ಜೀವಕ್ಕೆ ಸಂಚಕಾರ ಬಂದ್ರೆ, ಬಾಯಿ ಬಿಟ್ರೆ ಬಣ್ಣಗೇಡು ಅನ್ನೋ ಹಾಗಿದ್ರೆ, ತವರಿನೋರ ಮುಂದೆ ಆರತಿ ಎಡಕ್ಕೆ ಸುತ್ತಬೇಕು. ನನ್ನ ಕರಕೊಂಡು ಹೋಗಿ ಅಂತ ಅರ್ಥ. ತವರಿನೋರು ಬರಲಿಲ್ಲ. ಪಾಪದ್ದು, ಎಂದಾದ್ರೂ ನೋಡ್ತಾರೆ ಅಂತ ಕ್ಯಾಮೆರಾಕ್ಕೇ ಸುತ್ತಿದೆ.”

ಮಾಡಲಾರೆ ಎಂದೆ. ಆ ತುಟಿಗಳ ಮೇಲೆ ಮಂಗಳದ ಹಾಡು ಕೂರಿಸಿದರೆ ಶಿವ ಮೆಚ್ಚುತ್ತಾನೆಯೇ? ಈಗಲೇ ಹೋಗಿ ಹುಡುಗಿಯ ಮನೆಯವರಿಗೆ ಹೇಳಿಬಿಡುತ್ತೇನೆ ಎಂದೆ.

“ಹೇಳು. ಅವನು ಊರಿಗೆ ದೊಡ್ಡೋನು, ನೀನು ಫಿಲ್ಮು ಅಂಟಿಸೋನು. ಯಾರ ಮಾತು ನಡೀತದೆ? ಹಾಡಿಲ್ಲದಿದ್ರೆ ಅವನು ಇದನ್ನ ತೋರಿಸೋದೇ ಇಲ್ಲ. ಕೂಡಿಸು, ಹಾಡ್ತೀನಿ. ಉಳಿದದ್ದು ಅವಳೇ ನೋಡಿಕೊಳ್ತಾಳೆ.”

ಅವರು ಹಾಡಿದರು. ಅಷ್ಟು ಇಂಪಾಗಿ ಅವರು ಹಾಡಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ.

ಶುಕ್ರವಾರ ಸಂಜೆ ನಾಗಭೂಷಣಯ್ಯನವರ ನಡುಮನೆಯಲ್ಲಿ ಚಾಪೆ ತುಂಬ ಹೆಂಗಸರು. ಮದುವಣಗಿತ್ತಿ ಪಂಕಜಾ ಸೋದರತ್ತೆಯ ಮಗ್ಗುಲಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ನಾನು ಯಂತ್ರ ಹಚ್ಚಿದೆ. ಹಾಡು ಮನೆಯನ್ನೆಲ್ಲ ತುಂಬಿತು.

“ಕೇಳಿದ್ರಾ, ಎಂಥ ಕಂಠ,” ಎಂದು ನಾಗಭೂಷಣಯ್ಯ ಹಿಂದಿನಿಂದ ಅಂದರು.

ಬೀಸಣಿಗೆಗಳು ಒಂದೊಂದಾಗಿ ನಿಂತವು. ಗೋಡೆಯ ಪಕ್ಕದ ಮುದುಕಿಯೊಬ್ಬಳು ತನ್ನ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಇನ್ನೊಂದು ಸಲ ಹಾಕಿ,” ಎಂದರು ಸೋದರತ್ತೆ.

ಹಾಕಿದೆ. ಮುಗಿದಾಗ ಆಕೆ ನನ್ನ ಕಡೆ ತಿರುಗಿದರು. “ಸ್ವಾಮಿ, ಮಗುಚಿ ಗಿಗುಚಿ ಹಾಕಿಲ್ಲ ತಾನೆ?”

ನಾಗಭೂಷಣಯ್ಯನವರಿಗೆ ಮಾತಿನ ಒಳಗು ತಿಳಿಯದಿದ್ದರೂ ಗಾಳಿ ತಿರುಗಿದ್ದು ತಿಳಿಯಿತು. “ಹಾಕಿರ್ತಾರೆ ತಾಯಿ, ಯಂತ್ರದ ಕೆಲಸ. ಅಲ್ಲವೇನ್ರೀ?” ಎಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಭಾರವಾಗಿತ್ತು. ಹೌದು ಎಂದರೆ ಆ ಹುಡುಗಿ ಅಲ್ಲೇ ಉಳಿಯುತ್ತಿದ್ದಳು.

“ಇಲ್ಲ ತಾಯಿ,” ಎಂದೆ. “ಸರಿಯಾಗೇ ಹಾಕಿದೀನಿ. ಆಕೆ ಸುತ್ತಿದ್ದೇ ಹಾಗೆ.”

ಕೈ ಹೆಗಲಿನಿಂದ ಇಳಿಯಿತು. ಸೋದರತ್ತೆ ಎದ್ದು, ತಂದಿದ್ದ ಸೀರೆ ಕುಂಕುಮವನ್ನು ಬರಿದಾದ ಪಂಚೆಯ ಕೆಳಗಿಟ್ಟು ನಮಸ್ಕರಿಸಿದರು. ವೀಳ್ಯದ ತಟ್ಟೆಯನ್ನು ಮಾತ್ರ ಸೆರಗಿನಡಿ ಮುಚ್ಚಿಕೊಂಡರು.

“ಏನಾಯ್ತು? ಹಾಡು ಸರಿಯಾಗಲಿಲ್ಲವಾ?” ಎಂದರು ನಾಗಭೂಷಣಯ್ಯ.

“ಹಾಡು ಚೆನ್ನಾಗಿದೆ. ಅಪ್ಪಣೆ ಸಿಗಲಿಲ್ಲ.”

ಹೆಂಗಸರೆಲ್ಲ ಒಟ್ಟಿಗೇ ಎದ್ದರು. ಪಂಕಜಾಳನ್ನು ನಡುವಿಗೆ ಹಾಕಿಕೊಂಡು ಬಾಗಿಲು ದಾಟಿ ಬೀದಿಗಿಳಿದರು. ಮುಸ್ಸಂಜೆಯ ಮಬ್ಬಿನಲ್ಲಿ ಅವಳು ಯಾರು, ಉಳಿದವರು ಯಾರು ಎಂದು ಗುರುತು ಹತ್ತಲಿಲ್ಲ. ಅಷ್ಟು ಕೈಗಳ ಬಳೆಯ ಸದ್ದು ಮಾತ್ರ, ಬೀದಿಯ ತಿರುವಿನವರೆಗೂ ಒಂದೇ ಸಮನೆ ಕೇಳಿಸುತ್ತಿತ್ತು.