ಪರಶುರಾಮ ಡಾಕ್ಟರ ಅಕ್ಷರ ಸುಧಾರಿಸಿದ್ದು

ಮಲವಗೊಪ್ಪದ ಪರಶುರಾಮ ಡಾಕ್ಟರ ಕೈಬರಹವನ್ನು ಓದಬಲ್ಲವರು ಲೋಕದಲ್ಲಿ ಒಬ್ಬರೇ ಇದ್ದರು. ಅದು ಪರಶುರಾಮ ಡಾಕ್ಟರಲ್ಲ. ಅವರ ಕ್ಲಿನಿಕ್ಕಿಗೂ ಪಕ್ಕದ ಭೀಮೇಶನ ಮೆಡಿಕಲ್ ಶಾಪಿಗೂ ನಡುವೆ ಒಂದು ಕಿಟಕಿ ಇತ್ತು. ಓದಬಲ್ಲವಳು ಆ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕೂರುತ್ತಿದ್ದ ಇಂಪನಾ.

ಇಂಪನಾ ಭದ್ರಾವತಿಯವಳು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಿದ್ದಳು. ಕಾಗದದ ಕಾರ್ಖಾನೆಯಲ್ಲಿ ಅಪ್ಪನ ಕೆಲಸ ಹೋದದ್ದು ಅದಕ್ಕೊಂದು ಕಾರಣ. ಎದ್ದು ನಿಂತು ಜೋರಾಗಿ ಓದು ಎಂದು ಮೇಷ್ಟರು ಹೇಳಿದಾಗಲೆಲ್ಲ ಅವಳ ಗಂಟಲು ಕಟ್ಟುತ್ತಿದ್ದುದು ಮನೆಯಲ್ಲಿ ಯಾರಿಗೂ ಹೇಳದ ಇನ್ನೊಂದು ಕಾರಣ. ಕ್ಲಿನಿಕ್ಕಿನಲ್ಲಿ ಜೋರಾಗಿ ಏನೂ ಓದಬೇಕಿರಲಿಲ್ಲ. ಡಾಕ್ಟರು ಚೀಟಿ ಬರೆಯುತ್ತಿದ್ದರು, ರೋಗಿ ಅದನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ತರುತ್ತಿದ್ದ, ಅವಳು ನೋಡಿ ಮಾತ್ರೆಗಳ ಹೆಸರನ್ನು ಕಿಟಕಿಯಾಚೆ ಭೀಮೇಶನಿಗೆ ಮೆಲ್ಲಗೆ ಹೇಳುತ್ತಿದ್ದಳು. ಅಲ್ಲಿಗೆ ಅವಳ ಮಾತು ಮುಗಿಯಿತು.

ಅಕ್ಷರ ಅನ್ನುವಂಥದ್ದು ಆ ಚೀಟಿಯಲ್ಲಿ ಇರುತ್ತಿರಲಿಲ್ಲ. ಇರುವೆಯೊಂದು ಮಸಿಯಲ್ಲಿ ಬಿದ್ದು, ಎದ್ದು, ಗಾಬರಿಯಲ್ಲಿ ಮನೆಗೆ ಓಡಿದ ಹಾಗೆ ಒಂದು ಗೆರೆ, ಅಷ್ಟೆ. ಇಂಪನಾ ಆ ಓಟವನ್ನು ವರ್ಷಗಟ್ಟಲೆ ನೋಡಿ ಕಲಿತಿದ್ದಳು. ಸಂಶಯ ಬಂದರೆ ಎದ್ದು ಹೋಗಿ ಕೇಳುತ್ತಿದ್ದಳು. ಡಾಕ್ಟರು ಒಮ್ಮೆ ಚೀಟಿ ನೋಡಿ, ಒಮ್ಮೆ ರೋಗಿಯನ್ನು ನೋಡಿ, ರೋಗಿಯನ್ನು ನೋಡಿಯೇ ಉತ್ತರ ಹೇಳುತ್ತಿದ್ದರು.

ಎಲ್ಲ ಹೀಗೇ ಸುಖವಾಗಿ ನಡೆಯುತ್ತಿರುವಾಗ ಭದ್ರಾವತಿಯ ಒಂದು ಶಾಲೆಯವರು ಡಾಕ್ಟರನ್ನು ಮುಖ್ಯ ಅತಿಥಿಯಾಗಿ ಕರೆದರು. ಮಕ್ಕಳಿಗೆ ಬಹುಮಾನ ಕೊಡುವ ಸಮಾರಂಭ. ಬಹುಮಾನ ಕೈಬರಹದ ಸ್ಪರ್ಧೆಯದು. ಡಾಕ್ಟರು ಹಿಂದಿನ ದಿನವೇ ಕೂತು ಭಾಷಣ ಬರೆದುಕೊಂಡರು. ವೇದಿಕೆ ಹತ್ತಿ ಕಾಗದ ಬಿಚ್ಚಿದರೆ ಒಂದು ಸಾಲೂ ಅವರಿಗೇ ಓದಲಾಗಲಿಲ್ಲ. "ಒಂದು ಎಮರ್ಜೆನ್ಸಿ" ಎಂದು ಮೈಕಿನಲ್ಲೇ ಹೇಳಿ, ಬದಿಗೆ ಸರಿದು, ಕಾಗದದ ಫೋಟೋ ತೆಗೆದು ಇಂಪನಾಗೆ ಕಳಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು ಮರಳಿ ಬಂದರು. ಅವಳು ಮಲವಗೊಪ್ಪದ ಸ್ಟೂಲಿನ ಮೇಲೆ ಕೂತು ಪಿಸುಪಿಸು ಓದಿದಳು. ಅವರು ಅಲ್ಲಿ ಗಟ್ಟಿಯಾಗಿ ಹೇಳಿದರು: "ಮಕ್ಕಳೇ, ಅಕ್ಷರ ಮನುಷ್ಯನ ಮುಖ ಇದ್ದಂತೆ."

ಬಹುಮಾನ ಪಡೆಯಲು ವೇದಿಕೆಗೆ ಬಂದ ಹುಡುಗಿಯೊಬ್ಬಳು ಬಗ್ಗಿ ಆ ಕಾಗದವನ್ನು ನೋಡಿ ಕಿಸಕ್ಕನೆ ನಕ್ಕಳು. ಹೆಡ್ ಮೇಡಂ ನೆನಪಿನ ಕಾಣಿಕೆಯಾಗಿ ಫೌಂಟನ್ ಪೆನ್ನಿನ ಒಂದು ಡಬ್ಬಿ ಕೊಟ್ಟು, "ಪೆನ್ ಬದಲಾದ್ರೆ ಅಕ್ಷರಾನೂ ಬದಲಾಗುತ್ತೆ ಸಾರ್" ಎಂದರು. ಒಳ್ಳೆಯ ಮಾತೇ. ಆದರೆ ಡಾಕ್ಟರಿಗೆ ಅದು ಎಲ್ಲಿಗೆ ನಾಟಬೇಕೋ ಅಲ್ಲಿಗೇ ನಾಟಿತು.

ಮರುದಿನದಿಂದ ಕ್ಲಿನಿಕ್ಕಿನ ಮೇಜಿನ ಮೇಲೆ ಸ್ಟೆತಾಸ್ಕೋಪಿನ ಪಕ್ಕ ಮಸಿಬಾಟಲಿ ಬಂತು. ಡಾಕ್ಟರು ಗೋಪಾಳ ಬಡಾವಣೆಯ ತಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಪೆನ್ನಿನ ವಿಡಿಯೋ ನೋಡುವುದು, ಭಾನುವಾರ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸುತ್ತಿ ಹೊಸದೊಂದು ಪೆನ್ನು ತರುವುದು, ಸೋಮವಾರ ಅದು ಸರಿಯಿಲ್ಲ ಎನ್ನುವುದು. ಒಂದರ ನಿಬ್ಬು ದಪ್ಪ, ಒಂದರದು ಕಾಗದ ಕೆರೆಯುತ್ತದೆ. ಒಂದು ಪೆನ್ನು ಬೈಕಿನಲ್ಲಿ ಬರುವಾಗಲೇ ಜೇಬಿನಲ್ಲಿ ಕಾರಿ, ಆ ದಿನದ ರೋಗಿಗಳೆಲ್ಲ ಡಾಕ್ಟರ ಎದೆಯ ನೀಲಿ ನೋಡಿ ತಮ್ಮ ನೋವು ಮರೆತು, "ಏನಾಯ್ತು ಸಾರ್?" ಎಂದು ಕೇಳಿದರು. ರೋಗಿಗಳ ನಡುವೆ ಬಿಡುವು ಸಿಕ್ಕರೆ ಡಾಕ್ಟರು ಒಂದನೇ ಕ್ಲಾಸಿನ ನಾಲ್ಕು ಗೆರೆಯ ಪುಸ್ತಕ ತೆಗೆದು ಅಕ್ಷರ ತಿದ್ದುತ್ತಿದ್ದರು.

"ಬೆರಳಲ್ಲಿ ಬರೀಬಾರದಂತೆ ಇಂಪನಾ. ಭುಜದಿಂದ ಬರೀಬೇಕಂತೆ."

"ಹೂಂ ಸಾರ್."

"ನಲವತ್ತು ವರ್ಷ ಬೆರಳಲ್ಲೇ ಬರೆದುಬಿಟ್ನಲ್ಲ ಮಾರಾಯ್ತಿ."

ಪೆನ್ನು ತೊಳೆಯುವ ಕೆಲಸ ಇಂಪನಾಳ ಪಾಲಿಗೆ ಬಂತು. ಸಂಜೆ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ಎಳೆದು ನಿಬ್ಬಿನೊಳಗೆ ಬಿಟ್ಟು, ನೀಲಿ ಹೋಗಿ ನೀರು ತಿಳಿಯಾಗುವವರೆಗೂ ಬಿಡುತ್ತಲೇ ಇರಬೇಕು. ಅದನ್ನು ನೋಡಿದ ಭೀಮೇಶ ಕಿಟಕಿಯಲ್ಲಿ ತಲೆ ತೂರಿಸಿದ.

"ಟ್ರಾನ್ಸ್‌ಲೇಟರ್ ಮೇಡಂ, ನಿಮ್ಮ ಭಾಷೆ ಸಾಯ್ತಾ ಇದೆ ಕಣ್ರೀ."

ಅವಳು ಸಿರಿಂಜಿಗೆ ಇನ್ನಷ್ಟು ನೀರು ಎಳೆದಳು.

"ತಮಾಷೆಗಲ್ಲಮ್ಮ. ಡಾಕ್ಟ್ರು ನೆಟ್ಟಗೆ ಬರೆಯೋಕೆ ಶುರು ಮಾಡಿದ್ರೆ ಚೀಟಿ ನಾನೇ ಓದ್ತೀನಿ. ಮತ್ತೆ ಈ ಸ್ಟೂಲು ಯಾಕೆ? ನನಗೆ ಗ್ಲೂಕೋಸ್ ಬಾಕ್ಸ್ ಇಡೋಕೆ ಜಾಗ ಇಲ್ಲ."

ಇಂಪನಾಗೆ ಆ ಲೆಕ್ಕ ಅವನಿಗಿಂತ ಮೊದಲೇ ಹೊಳೆದಿತ್ತು. ಸ್ಟೂಲು ಹೋದರೆ ಶಿವಮೊಗ್ಗದ ಗಾರ್ಮೆಂಟ್ಸು. ಅವ್ವ ಕಾಳಮ್ಮ ಅಲ್ಲಿ ಮಾತಾಡಿಯೂ ಇಟ್ಟಿದ್ದಳು. ಹೊಲಿಗೆಗೆ ಅವಳು ಹೆದರಿರಲಿಲ್ಲ. ಅಲ್ಲಿ ಸಾಲುಸಾಲು ಹೆಂಗಸರು. ಬಸ್ಸಿನಲ್ಲಿ ಹಾಡು, ಊಟಕ್ಕೆ ಕೂತರೆ ಪ್ರಶ್ನೆ. ಯಾವೂರು, ಯಾಕೆ ಓದಲಿಲ್ಲ, ಮದುವೆ ಯಾವಾಗ. ದಿನವಿಡೀ ಉತ್ತರ ಹೇಳಬೇಕು. ಅದಕ್ಕಿಂತ ಇರುವೆಯ ಓಟ ಓದುವುದು ಹಿತವಾಗಿತ್ತು. ಆದರೂ ಅವಳು ತನ್ನ ಕೆಲಸಕ್ಕೆ ತಾನೇ ಎಳ್ಳುನೀರು ಬಿಡುವ ಹಾಗೆ ದಿನಾ ಸಂಜೆ ನಿಬ್ಬಿಗೆ ನೀರು ಬಿಡುತ್ತಿದ್ದಳು.

ಒಂದೇ ಒಂದು ಸಲ ಅವಳು ದ್ರೋಹ ಬಗೆದಳು. ಡಾಕ್ಟರು ತಂದಿದ್ದ ಪೆನ್ನುಗಳನ್ನೆಲ್ಲ ಸಾಲಾಗಿ ಜೋಡಿಸಿ, "ನೀನು ನೋಡ್ತಾ ಇರ್ತೀಯಲ್ಲ, ಯಾವುದ್ರಲ್ಲಿ ನನ್ನ ಕೈ ಚೆನ್ನಾಗಿ ಓಡುತ್ತೆ ಹೇಳು" ಎಂದರು. ಎಲ್ಲಕ್ಕಿಂತ ದರಿದ್ರವಾದದ್ದನ್ನು, ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕಿರ್ರೆನ್ನುವ ಹಸಿರು ಪೆನ್ನನ್ನು, ಅವಳು ತೋರಿಸಿದಳು. ಇದರಲ್ಲಿ ಒಂದು ವಾರ ಬರೆದರೆ ಡಾಕ್ಟರು ಬೇಸತ್ತು ಬಾಲ್ ಪೆನ್ನಿಗೆ ಮರಳುತ್ತಾರೆ ಎಂದು ಅವಳ ಲೆಕ್ಕ.

ಆದದ್ದೇ ಬೇರೆ. ಆ ಪೆನ್ನಿನಲ್ಲಿ ಬೇಗ ಬರೆಯಲು ಸಾಧ್ಯವೇ ಇರಲಿಲ್ಲ. ಅವಸರ ಮಾಡಿದರೆ ಕಾಗದ ಹರಿಯುತ್ತಿತ್ತು. ಡಾಕ್ಟರು ನಿಧಾನ ಮಾಡಿದರು. ನಿಧಾನ ಮಾಡಿದ್ದೇ ತಡ, ಗೆರೆಯೊಳಗಿಂದ ಅಕ್ಷರಗಳು ಒಂದೊಂದಾಗಿ ತಲೆಯೆತ್ತಿದವು. ತಿಂಗಳು ಕಳೆಯುವುದರೊಳಗೆ ಪರಶುರಾಮ ಡಾಕ್ಟರ ಚೀಟಿ ಮದುವೆಯ ಕರೆಯೋಲೆಯ ಹಾಗೆ ದುಂಡಗೆ, ಮುದ್ದಾಗಿ ಕಾಣತೊಡಗಿತು. "ನಿನ್ನ ಕಣ್ಣು ಕಣ್ಣು ಅಂದ್ರೆ" ಎಂದು ಹೊಗಳಿ, ಅವರು ತಮಗೆ ಬೇಡವಾದ ನುಣುಪಾದ ಕಪ್ಪು ಪೆನ್ನೊಂದನ್ನು ಅವಳಿಗೇ ಕೊಟ್ಟುಬಿಟ್ಟರು. ಆಮೇಲೆ ಸ್ವಲ್ಪ ಕೆಮ್ಮಿ, "ಮುಂದಿನ ತಿಂಗಳು ಹೇಗೆ ಅಂತ ಒಂದ್ಸಲ ಕೂತು ಮಾತಾಡೋಣ" ಎಂದರು.

ಆ ಪೆನ್ನು ಹಿಡಿದು ಇಂಪನಾ ಭದ್ರಾವತಿಗೆ ಬಂದಳು. ಮನೆಯಲ್ಲಿ ಅಪ್ಪ ಕಾರ್ಖಾನೆಯಿಂದ ಯಾವ ಕಾಲದಲ್ಲೋ ತಂದಿಟ್ಟ ದಪ್ಪ ಕಾಗದದ ಕಟ್ಟು ಮಂಚದಡಿ ಇತ್ತು. ಮನೆ ತುಂಬ ಕಾಗದ, ಬರೆಯುವವರು ಯಾರೂ ಇಲ್ಲ. ಹೇಗೂ ಕೆಲಸ ಹೋಗುತ್ತದಲ್ಲ ಎಂದು ಅವಳು ಬರೆಯತೊಡಗಿದಳು. ಆ ಕಾಗದದ ಮೇಲೆ ಮಸಿ ಹರಡುತ್ತಿರಲಿಲ್ಲ, ಹೇಳಿದಲ್ಲಿ ಕೂರುತ್ತಿತ್ತು. ತನ್ನ ಹೆಸರು, ಊರಿನ ಹೆಸರು, ಬಸ್ಸಿನ ಬೋರ್ಡು, ಅವ್ವ ಬೈದ ಮಾತು, ಎಲ್ಲ ಬರೆದಳು. ಅಕ್ಷರ ಚೆನ್ನಾಗಿತ್ತು. ಡಾಕ್ಟರದ್ದಕ್ಕಿಂತ ಚೆನ್ನಾಗಿತ್ತು ಎಂದು ಅವಳಿಗೇ ಅನ್ನಿಸಿ, ನಾಚಿ, ಹಾಳೆಯನ್ನು ಮಡಚಿಟ್ಟಳು.

ಈ ಕಡೆ ಕ್ಲಿನಿಕ್ಕಿನಲ್ಲಿ ಯಾರೂ ಎಣಿಸದ ಒಂದು ಕಾಯಿಲೆ ಶುರುವಾಯಿತು. ರೋಗಿಗಳು ಚೀಟಿ ಓದತೊಡಗಿದರು.

ಮೊದಲು ತಿರುಗಿ ಬಂದವನು ಹುಲಿಯಪ್ಪ. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಗಟ್ಟಿ ಆಳು. "ಡಾಕ್ಟ್ರೇ, ನನಗೂ ನಮ್ಮತ್ತೆಗೂ ಒಂದೇ ಮಾತ್ರೆ ಬರೆದಿದ್ದೀರಲ್ಲ" ಎಂದು ಎರಡು ಚೀಟಿಯನ್ನೂ ಮೇಜಿನ ಮೇಲಿಟ್ಟ.

"ಇಬ್ಬರಿಗೂ ಜ್ವರಾನೇ ಅಲ್ವೇನಯ್ಯ?"

"ಜ್ವರ ಇರಬಹುದು. ಆದ್ರೆ ಅವಳ ಜ್ವರ, ನನ್ನ ಜ್ವರ ಒಂದೇನಾ?"

ಮಾರನೆಯ ದಿನ ದ್ಯಾಮಮ್ಮ ಬಂದಳು. ಹೂವು ಮಾರುವ ಹೆಂಗಸು. ಎದೆಯಲ್ಲಿ ಏನೋ ಹಿಡಿದಂತಾಗುತ್ತದೆಂದು ಅವಳು ಬಂದಾಗ ಡಾಕ್ಟರು ಇಸಿಜಿ ಮಾಡಿಸಿ, ಎಲ್ಲ ಸರಿಯಿದೆಯೆಂದು ನೋಡಿಯೇ ಮಾತ್ರೆ ಕೊಟ್ಟಿದ್ದರು. ಅವಳು ಒಳಗೆ ಹೋಗಲಿಲ್ಲ, ಇಂಪನಾಳ ಸ್ಟೂಲಿನ ಬಳಿ ನಿಂತಳು.

"ಮೊಮ್ಮಗಳ ಕೈಲಿ ಓದಿಸ್ದೆ ತಾಯಿ. ಗ್ಯಾಸು ಅಂತ ಬರೆದಾರಂತೆ. ಬರೀ ಗ್ಯಾಸು. ಅಷ್ಟು ನೋವು ತಿಂದೀನಿ, ಅಕ್ಕಪಕ್ಕದೋರೆಲ್ಲ ಬಂದು ನೋಡ್ಕೊಂಡು ಹೋಗವ್ರೆ. ನಾನೀಗ ಅವರಿಗೆ ಏನಂತ ಹೇಳ್ಲಿ?"

"ಗ್ಯಾಸ್ ಆಗಿದ್ದು ಒಳ್ಳೇದಲ್ವಾ ಅಜ್ಜಿ?"

"ಒಳ್ಳೇದು ನಿಂಗೆ. ಬಸ್‌ ಸ್ಟಾಪ್ ಎದುರಿಗೆ ಹೊಸ ಡಾಕ್ಟರು ಬಂದಾರಲ್ಲ, ಅವರ ಚೀಟಿ ನೋಡೀಯಾ? ಮೊಮ್ಮಗಳಿಗೆ ಒಂದಕ್ಷರ ತಿಳೀಲಿಲ್ಲ. ಎಷ್ಟು ಓದಿರ್ಬೇಕು ಅವರು."

ಹೀಗೆ ಒಬ್ಬೊಬ್ಬರಾಗಿ ಬಸ್‌ ಸ್ಟಾಪಿನ ಕಡೆ ತಿರುಗಿದರು. ಇಲ್ಲಿದ್ದದ್ದು ಅದೇ ಡಾಕ್ಟರು, ಅದೇ ಕೈಗುಣ, ಅದೇ ಮಾತ್ರೆ. ಆದರೆ ಓದಲು ಬರುವ ಚೀಟಿಯಲ್ಲಿ ಗುಣವಿಲ್ಲ ಎಂದು ಮಲವಗೊಪ್ಪ ತೀರ್ಮಾನಿಸಿತು. ರೋಗಿಗಳಿಲ್ಲದೆ ಭೀಮೇಶನಿಗೆ ಈಗ ಗ್ಲೂಕೋಸ್ ಬಾಕ್ಸಿಗೆ ಬೇಕಾದಷ್ಟು ಜಾಗವಿತ್ತು. ಬಾಕ್ಸು ಕೊಳ್ಳುವವರೇ ಇರಲಿಲ್ಲ.

ಪರಶುರಾಮ ಡಾಕ್ಟರು ಒಂದು ವಾರ ಸಿದ್ಧಾಂತಕ್ಕೆ ಅಂಟಿಕೊಂಡರು. ಎರಡನೇ ವಾರ ಬಾಲ್ ಪೆನ್ನು ತೆಗೆದು, ಕಣ್ಣು ಮುಚ್ಚಿ, ಬೆರಳಲ್ಲೇ ಬರೆದು ನೋಡಿದರು. ಅಕ್ಷರ ದುಂಡಗೇ ಬಂತು. ಎಡಗೈಯಲ್ಲಿ ಬರೆದರೆ ಅದೂ ಚಿಕ್ಕ ಮಗುವಿನ ಅಕ್ಷರದ ಹಾಗೆ ಸ್ಪಷ್ಟವಾಗಿ ಬಂತು. ಕೈ ಒಮ್ಮೆ ಸುಧಾರಿಸಿದ ಮೇಲೆ ಮರಳಿ ಕೆಡಲು ಒಪ್ಪಲಿಲ್ಲ.

ಆ ಸಂಜೆ ಇಂಪನಾ ಹಸಿರು ಪೆನ್ನನ್ನು ತೊಳೆದು, ಮಸಿ ತುಂಬಿ, ಹರಿಯುತ್ತದೋ ಇಲ್ಲವೋ ಎಂದು ರದ್ದಿ ಚೀಟಿಯ ಮೇಲೆ ಗೀಚಿದಳು. ಪೆನ್ನು ಪರೀಕ್ಷಿಸುವವರು ಏನು ಬರೆಯಬೇಕೆಂದು ಯೋಚಿಸಿ ಬರೆಯುವುದಿಲ್ಲ; ಕೈಗೆ ಏನು ಅಭ್ಯಾಸವೋ ಅದು ಬರುತ್ತದೆ. ಅವಳ ಕೈಗೆ ಬಂದದ್ದು ಕಣ್ಣು ಇಷ್ಟು ವರ್ಷ ನೋಡಿದ್ದೇ. ಇರುವೆ ಬಿತ್ತು, ಎದ್ದಿತು, ಓಡಿತು.

ಡಾಕ್ಟರು ಬ್ಯಾಗು ಎತ್ತಿಕೊಳ್ಳಲು ಬಂದವರು ಮೇಜಿನ ಮೇಲಿನ ಆ ಚೀಟಿ ನೋಡಿ ನಿಂತರು. ಮೆಲ್ಲಗೆ ಎತ್ತಿಕೊಂಡು ದೀಪಕ್ಕೆ ಹಿಡಿದರು.

"ಇದೆಲ್ಲಿತ್ತು? ನನ್ನ ಹಳೇ ಚೀಟಿ." ಅವರ ದನಿ ತೇವವಾಗಿತ್ತು. "ಆಗ ಎಷ್ಟು ಸಲೀಸಾಗಿ ಬರೀತಿದ್ದೆ ನೋಡು. ಏನು ವೇಗ, ಏನು ಧೈರ್ಯ."

ಮೇಷ್ಟರು ಎಬ್ಬಿಸಿದ ಹಾಗೆ ಇಂಪನಾ ಎದ್ದು ನಿಂತಳು. ಸುಮ್ಮನಿದ್ದರೆ ಗಾರ್ಮೆಂಟ್ಸು, ಮಾತಾಡಿದರೆ ಏನಾಗುತ್ತದೋ ಗೊತ್ತಿಲ್ಲ.

"ಸಾರ್, ಅದು ನಾನು ಗೀಚಿದ್ದು."

ಡಾಕ್ಟರು ಚೀಟಿಯನ್ನೂ ಅವಳನ್ನೂ ನೋಡಿದರು. ಹಳೆಯ ಅಭ್ಯಾಸದಂತೆ, ಅವಳನ್ನು ನೋಡಿಯೇ ಅರ್ಥ ಮಾಡಿಕೊಂಡರು.

ಅಂದಿನಿಂದ ಹೊಸ ಪದ್ಧತಿ ಜಾರಿಗೆ ಬಂತು. ಡಾಕ್ಟರು ದುಂಡಾದ ಅಕ್ಷರದಲ್ಲಿ ಚೀಟಿ ಬರೆಯುತ್ತಾರೆ. ಅದು ಕಿಟಕಿಯಾಚೆ ಹೋಗುತ್ತದೆ. ಭೀಮೇಶ ಅದನ್ನು ನೋಡಿಯೇ ಮಾತ್ರೆ ಕೊಟ್ಟು, ಹೇಗೆ ತಿನ್ನಬೇಕೆಂದು ಬಿಡಿಸಿ ಹೇಳುತ್ತಾನೆ. ರೋಗಿಯ ಕೈಗೆ, ಮನೆಗೆ ಒಯ್ಯಲು, ದೇವರ ಫೋಟೋದ ಹಿಂದೆ ಸಿಕ್ಕಿಸಲು, ನೆಂಟರಿಗೆ ತೋರಿಸಲು, ಇನ್ನೊಂದು ಚೀಟಿ. ಮಾತ್ರೆಗಳು ಅವೇ, ಆದರೆ ಅದನ್ನು ಬರೆಯುವವಳು ಇಂಪನಾ. ಮೊದಮೊದಲು ಡಾಕ್ಟರು ಪ್ರತಿಯೊಂದನ್ನೂ ಹಿಡಿದು ಪರೀಕ್ಷಿಸುತ್ತಿದ್ದರು.

"ಇದು ಓದೋಕೆ ಬರ್ತಿದೆಯಲ್ಲ ಮಾರಾಯ್ತಿ. ಇನ್ನೊಂಚೂರು ಕೆಡಿಸು."

ಅವಳು ಇನ್ನೊಂಚೂರು ಕೆಡಿಸುತ್ತಿದ್ದಳು. ಮುಂದಿನ ತಿಂಗಳು ಹೇಗೆ ಎನ್ನುವ ಮಾತನ್ನು ಡಾಕ್ಟರು ಮತ್ತೆ ಎತ್ತಲಿಲ್ಲ. ಬದಲಿಗೆ ಸ್ಟೂಲಿನ ಮುಂದೆ ಒಂದು ಚಿಕ್ಕ ಮೇಜು ಬಂತು. ಭೀಮೇಶ ಗ್ಲೂಕೋಸ್ ಬಾಕ್ಸುಗಳನ್ನು ತಲೆಯ ಮೇಲಿನ ಅಟ್ಟಕ್ಕೆ ಏರಿಸಿದ. ಊರಿನವರು ಬಸ್‌ ಸ್ಟಾಪಿನ ಕಡೆಯಿಂದ ಮೆಲ್ಲಗೆ ಮರಳಿದರು. ಪರಶುರಾಮ ಡಾಕ್ಟರಿಗೆ ನಡುವೆ ಏನೋ ಹುಷಾರಿರಲಿಲ್ಲವಂತೆ, ಈಗ ಸರಿಹೋಗಿದ್ದಾರಂತೆ ಎಂದು ಮಾತಾಡಿಕೊಂಡರು.

ದ್ಯಾಮಮ್ಮನೂ ಬಂದಳು. ಮತ್ತೆ ಅದೇ ಗ್ಯಾಸು. ಅವಳು ಭೀಮೇಶನ ಹತ್ತಿರ ಮಾತ್ರೆ ತೆಗೆದುಕೊಳ್ಳುವಷ್ಟರಲ್ಲಿ ಇಂಪನಾ ತನ್ನ ಕಪ್ಪು ಪೆನ್ನಿನಲ್ಲಿ ಚೀಟಿ ಬರೆದಳು. ಮಾತ್ರೆಗಳ ಕೆಳಗೆ, ಡಾಕ್ಟರು ಹಿಂದೆಲ್ಲ ಪಥ್ಯ ಬರೆಯುತ್ತಿದ್ದ ಜಾಗ ಖಾಲಿ ಉಳಿದಿತ್ತು. ಅವಳು ಒಂದು ಗಳಿಗೆ ಪೆನ್ನು ಹಿಡಿದು ಕೂತಳು. ಆಮೇಲೆ ಇರುವೆಯನ್ನು ಇನ್ನೂ ಒಂದು ಸಾಲು ಓಡಿಸಿದಳು: ನನ್ನ ಅಕ್ಷರ ನಿಜವಾಗಿ ಇಷ್ಟು ಕೆಟ್ಟದಾಗಿಲ್ಲ.

ದ್ಯಾಮಮ್ಮ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು, ದೂರ ಮಾಡಿ, ಹತ್ತಿರ ಮಾಡಿ ನೋಡಿದಳು. ಮುಖ ಅರಳಿತು.

"ಈಗ ನೋಡು, ಇದು ಡಾಕ್ಟರು ಬರೆದಂಗೆ ಐತೆ. ಕೆಳಗೆ ಕೊನೇಲಿ ಏನು ಬರೆದಾರೆ ತಾಯಿ? ಕಾಯಿಲೆ ದೊಡ್ಡದಾ?"

ಇಂಪನಾ ಬಗ್ಗಿ ಓದುವ ಹಾಗೆ ಮಾಡಿದಳು.

"ಬಿಸಿನೀರು ಕುಡೀಬೇಕಂತೆ ಅಜ್ಜಿ."

"ಅದಕ್ಕೆ ಇಷ್ಟು ಉದ್ದ ಬರೆದಾರಾ?" ಎಂದು ದ್ಯಾಮಮ್ಮ ತೃಪ್ತಿಯಿಂದ ಚೀಟಿಯನ್ನು ಮಡಚಿ ಎಲೆಅಡಿಕೆಯ ಚೀಲದಲ್ಲಿ ಇಟ್ಟುಕೊಂಡಳು.