ರೇಡಿಯೋ ಆಡಿದ ಸ್ಕೂಲಾಟ

ಫೋಟೋ ಫ್ರೇಮ್ ಅಂಗಡಿಯಾಕೆಗೆ ಸಿಟ್ಟು ಬರುವುದು ನಿಧಾನ, ಬಂದ ಮೇಲೆ ಹೋಗುವುದು ಅದಕ್ಕಿಂತ ನಿಧಾನ. ಕನ್ನಡಕದ ಟೀಚರ್ ಮೇಲೆ ಬಂದ ಸಿಟ್ಟಂತೂ ಹೋಗುವ ಲಕ್ಷಣವೇ ಇರಲಿಲ್ಲ. ಅದಕ್ಕವಳು ದಿನಾ ನೀರೆರೆದು ಗೊಬ್ಬರ ಹಾಕಿ ಬೆಳೆಸಿಕೊಂಡಿದ್ದಳು.

ಕಾರಣ ಸಣ್ಣದೇನಲ್ಲ. ದೊಡ್ಡ ಮಗಳಿಗೆ ಮಾತು ಉಗ್ಗುತ್ತದೆ. ಬೀದಿಯ ಕೊನೆಯ ಸರ್ಕಾರಿ ಶಾಲೆಯಲ್ಲಿ ಒಂದು ದಿನ ಈ ಟೀಚರ್ ಅವಳನ್ನು ಬೆಂಚಿನ ಮೇಲೆ ಹತ್ತಿಸಿ ಪಾಠ ಓದಿಸಿದ್ದರು. ಮೊದಲ ಸಾಲೇ ಗಂಟಲಲ್ಲಿ ಸಿಕ್ಕಿಕೊಂಡಾಗ, "ಬೆಳಗಾಗೋದ್ರೊಳಗೆ ಮುಗಿಸ್ತೀಯಾ ತಾಯಿ?" ಎಂದಿದ್ದರು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಮನೆಗೆ ಬಂದ ಹುಡುಗಿ ವಾರಗಟ್ಟಲೆ ಬಾಯಿ ಬಿಡಲಿಲ್ಲ; ನೀರು ಬೇಕಾದರೂ ಲೋಟ ತೋರಿಸುತ್ತಿದ್ದಳು. ತಾಯಿ ಶಾಲೆಗೆ ಹೋಗಿ ಹೆಸರು ತೆಗೆಸಿದಳು. ಗೇಟು ದಾಟುವಾಗಲೇ ಮನಸ್ಸಿನಲ್ಲಿ ಆಣೆ ಮಾಡಿದಳು. ಈ ಹೆಂಗಸನ್ನೂ ಒಂದು ದಿನ ನಾಲ್ಕು ಜನರ ಮುಂದೆ ನಿಲ್ಲಿಸುತ್ತೇನೆ, ಬಾಯಿ ಬಿಡಲಾಗದ ಹಾಗೆ ನಿಲ್ಲಿಸುತ್ತೇನೆ.

ಅಂದಿನಿಂದ ಅಂಗಡಿಯ ಹಿಂದಿನ ಕೋಣೆಯೇ ದೊಡ್ಡವಳ ಶಾಲೆಯಾಯಿತು. ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳು, ಮೂಲೆಯಲ್ಲಿ ಮರದ ಪಟ್ಟಿಗಳ ಕಟ್ಟು, ನಡುವೆ ಒಂದು ಮೇಜು. ಲೆಕ್ಕವನ್ನು ಹುಡುಗಿ ಫ್ರೇಮಿನ ಅಳತೆಯಲ್ಲೇ ಕಲಿತಳು. ಓದಿನ ಪಾಠಕ್ಕೆ ಮಾತ್ರ ತಾಯಿ ಅಂಗಡಿಯ ಬಾಗಿಲು ಎಳೆದುಕೊಂಡು ಬರುತ್ತಿದ್ದಳು. ತುಂಡು ಪಟ್ಟಿಯೊಂದನ್ನು ಹಿಡಿದು ಮೇಜಿನ ಮೇಲೆ ಟಕ್ ಟಕ್ ಎಂದು ತಾಳ ಹಾಕುತ್ತ ಮಗಳನ್ನು ನಿಲ್ಲಿಸಿ ಓದಿಸುತ್ತಿದ್ದಳು. ತಾಳಕ್ಕೆ ಸರಿಯಾಗಿ ಮಾತು ಬಂದರೆ ಉಗ್ಗು ಹೋಗುತ್ತದೆ ಎಂದು ಯಾರೋ ಗಿರಾಕಿ ಹೇಳಿದ್ದರು. ಉಗ್ಗು ಹೋದ ದಿನ ಮಗಳ ಕೈ ಹಿಡಿದು ನೇರ ಆ ಟೀಚರ್ ಎದುರಿಗೇ ಕರೆದೊಯ್ಯುವುದು, ಪುಸ್ತಕ ಬಿಡಿಸಿ ಗಡಗಡ ಓದಿಸುವುದು. ಇದು ತಾಯಿಯ ಲೆಕ್ಕಾಚಾರ. ಆ ದಿನದ ಆಸೆಗೆ ಅವಳು ಮಗಳ ಬೆನ್ನು ಬಿಡುತ್ತಿರಲಿಲ್ಲ.

ಶಾಲೆಯ ಗ್ರೂಪ್ ಫೋಟೋಗಳಿಗೆ ಫ್ರೇಮ್ ಹಾಕುವ ಕೆಲಸವೂ ಪ್ರತಿವರ್ಷ ಇವಳ ಅಂಗಡಿಗೇ ಬರುತ್ತಿತ್ತು. ಕನ್ನಡಕದ ಟೀಚರ್ ಇರುವ ಫೋಟೋ ಸಿಕ್ಕರೆ ಕೊಕ್ಕೆಯನ್ನು ಬೇಕೆಂದೇ ಕೂದಲೆಳೆಯಷ್ಟು ಪಕ್ಕಕ್ಕೆ ಹೊಡೆಯುತ್ತಿದ್ದಳು. ಶಾಲೆಯವರು ಎಷ್ಟು ಸಲ ನೆಟ್ಟಗೆ ಮಾಡಿದರೂ ಆ ಫೋಟೋ ಮತ್ತೆ ವಾಲಿಕೊಳ್ಳುತ್ತಿತ್ತು. ಇಂಥ ಚಿಲ್ಲರೆ ಸೇಡಿನಿಂದ ಹೊಟ್ಟೆ ತಣ್ಣಗಾಗುವುದಿಲ್ಲ ನಿಜ, ಆದರೆ ಊಟ ರುಚಿಸುತ್ತದೆ.

ಅಷ್ಟರಲ್ಲಿ ಚಿಕ್ಕವಳು ಶಾಲೆಗೆ ಹೋಗುವ ವಯಸ್ಸಿಗೆ ಬಂದಳು. ಅಪ್ಪ ಅವಳನ್ನು ಕರೆಯುವುದೇ ರೇಡಿಯೋ ಎಂದು. ಎದ್ದ ಕೂಡಲೇ ಶುರುವಾದರೆ ಮಲಗುವವರೆಗೆ ಆಫ್ ಆಗುವ ಗುಂಡಿಯೇ ಇಲ್ಲ.

"ಇವಳನ್ನೂ ಮನೇಲೇ ಕೂರಿಸ್ಕೊಂಡ್ರೆ ನೀನು ಗಾಜು ಕೊಯ್ಯೋ ಬದ್ಲು ಬೆರಳು ಕೊಯ್ಕೊತೀಯ ಅಷ್ಟೆ," ಎಂದ ಗಂಡ. ಅವನು ಬಸ್ ಡ್ರೈವರ್. ಮನೆಯಲ್ಲೂ ಹಾರ್ನ್ ಹೊಡೆಯದೆ ದಾರಿ ಮಾಡಿಕೊಳ್ಳುವ ಸ್ವಭಾವ. "ಶಾಲೆಗೆ ಹೋಗ್ಲಿ ಬಿಡೆ. ಅವಳಿಗೂ ಆಸೆ ಇದೆ."

"ಒಂದನೇ ಕ್ಲಾಸಿಗೆ ಈಗ ಯಾರು ಟೀಚರ್ ಗೊತ್ತೇನ್ರಿ?"

"ಗೊತ್ತು. ಅದಕ್ಕೇ ನೀನು ಒಪ್ಪಲ್ಲ ಅಂತಾನೂ ಗೊತ್ತು."

ಅವಳು ಒಪ್ಪಿದಳು. ಗಂಡ ಬಾಯಿ ಬಿಟ್ಟುಕೊಂಡು ನೋಡಿದ. ಶತ್ರುವಿನ ಮನೆಯೊಳಗೆ ನಮ್ಮದೇ ಒಂದು ರೇಡಿಯೋ ಇದ್ದರೆ ಎಷ್ಟು ಅನುಕೂಲ ಎಂಬುದು ಪಾಪ, ಆ ಬಸ್ಸಿನವನಿಗೆ ಹೊಳೆದಿರಲಿಲ್ಲ.

ಆದರೆ ರೇಡಿಯೋ ತಪ್ಪು ಸ್ಟೇಷನ್ ಹಿಡಿಯಿತು. "ಮಿಸ್ ಬೈದ್ರಾ?" ಎಂದರೆ "ಮಿಸ್ ಹಾಡು ಹೇಳ್ಕೊಟ್ರು" ಎನ್ನುವಳು. "ಯಾರನ್ನಾದ್ರೂ ಬೆಂಚ್ ಮೇಲೆ ನಿಲ್ಸಿದ್ರಾ?" ಎಂದರೆ "ನನ್ನ ಕೈಮೇಲೆ ನಕ್ಷತ್ರ ಬರೆದ್ರು, ನೋಡು" ಎಂದು ಕೈ ಚಾಚುವಳು. ತಾಯಿ ಆ ನಕ್ಷತ್ರವನ್ನು ಸೋಪು ಹಚ್ಚಿ ತೊಳೆಯುವಳು. ಬೆಳಿಗ್ಗೆ ಒಬ್ಬಳಿಗೆ ಜಡೆ ಹೆಣೆದು, ಬ್ಯಾಗು ಹೊರಿಸಿ, ಗೇಟಿನವರೆಗೆ ಬಿಟ್ಟು ಓಡಿಬಂದು ಇನ್ನೊಬ್ಬಳಿಗೆ ಪುಸ್ತಕ ಬಿಡಿಸುವಷ್ಟರಲ್ಲಿ ಅವಳ ಮೈಯೆಲ್ಲ ಹಣ್ಣಾಗುತ್ತಿತ್ತು. ಇಷ್ಟು ಒದ್ದಾಡಿಯೂ ಟೀಚರ್ ವಿರುದ್ಧ ಒಂದು ಪುರಾವೆಯೂ ಸಿಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅದು ಸಿಕ್ಕಿಯೇಬಿಟ್ಟಿತು. ಅಂಗಡಿಯಲ್ಲಿ ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದವಳ ಕಿವಿಗೆ ಹಿಂದಿನ ಕೋಣೆಯಿಂದ ಟಕ್ ಟಕ್ ಸದ್ದು ಕೇಳಿಸಿತು. ಇಣುಕಿ ನೋಡಿದರೆ ರೇಡಿಯೋ ದಿಂಬುಗಳನ್ನೆಲ್ಲ ಗೋಡೆಗೆ ಒರಗಿಸಿ ಸಾಲಾಗಿ ಕೂರಿಸಿದ್ದಾಳೆ. ಸ್ಕೂಲಾಟ. ಮುಂದೆ ಒಂದು ಗೊಂಬೆಯನ್ನು ನಿಲ್ಲಿಸಿ, ಕೈಯಲ್ಲಿ ಪಟ್ಟಿ ಹಿಡಿದು ಗದರುತ್ತಿದ್ದಾಳೆ.

"ಓದು. ಓದು ಅಂದೆ! ಬಾಯಲ್ಲೇನು ಕಲ್ಲಿಟ್ಕೊಂಡಿದ್ದೀಯಾ? ಅಳ್ಬೇಡ, ಅತ್ರೆ ಮಾತು ಬರುತ್ತಾ? ಹೀಗೇ ಇದ್ರೆ ಜೀವಮಾನವೆಲ್ಲ ಜನ ನಗ್ತಾರೆ. ಹೂಂ, ಮತ್ತೆ ಮೊದಲಿಂದ!"

ತಾಯಿಗೆ ರೋಮಾಂಚನವಾಯಿತು. ಹಾಡಂತೆ, ನಕ್ಷತ್ರವಂತೆ! ಹೊರಗೆಲ್ಲ ಬಣ್ಣ, ಒಳಗೆ ಅದೇ ಹಳೆಯ ವಿಷ. ಪಕ್ಕದಲ್ಲೇ ಪುಸ್ತಕ ಹಿಡಿದು ಕೂತಿದ್ದ ದೊಡ್ಡವಳತ್ತ ತಿರುಗಿದಳು.

"ಕೇಳಿಸ್ಕೊಂಡ್ಯಾ ಪುಟ್ಟಿ? ನಿಂಗೂ ಹೀಗೇ ಅಲ್ವಾ ಮಾಡಿದ್ದು?"

ದೊಡ್ಡವಳು ತಲೆ ಎತ್ತಿದಳು. "ಅ... ಅಮ್ಮಾ, ಅ-ಅದು..."

"ಅವಳೇ ತಾನೇ? ಗೊತ್ತು ಬಿಡು, ನೀನು ಹೇಳೋದೇ ಬೇಡ."

ದೊಡ್ಡವಳು ಬಾಯಿ ಮುಚ್ಚಿದಳು. ಸ್ವಲ್ಪ ಹೊತ್ತು ತಾಯಿಯ ಮುಖವನ್ನೇ ನೋಡಿದಳು. ಆಮೇಲೆ ತುಟಿಯಂಚಿನಲ್ಲಿ ಒಂದು ನಗು ಬಂತು. ಮಗಳು ನಕ್ಕಳಲ್ಲ ಎಂದು ತಾಯಿಗೆ ಹುರುಪು ಇಮ್ಮಡಿಯಾಯಿತು.

ಪೋಷಕರ ಸಭೆಯ ದಿನ ಅವಳು ಒಳ್ಳೆಯ ಬಟ್ಟೆ ಉಟ್ಟು, ರೇಡಿಯೋವನ್ನು ಕರೆದುಕೊಂಡು ಹೋದಳು. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ತುರುಕಿಕೊಂಡು ಅಪ್ಪ ಅಮ್ಮಂದಿರು ಕೂತಿದ್ದರು. ಗೋಡೆಯ ಮೇಲೆ ಅವಳೇ ಫ್ರೇಮ್ ಹಾಕಿಕೊಟ್ಟ ಫೋಟೋ ಎಂದಿನಂತೆ ವಾಲಿಕೊಂಡಿತ್ತು. ಹೆಡ್ ಮಾಸ್ಟರ್ "ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ?" ಎಂದು ಮುಗಿಸುವ ಮೊದಲೇ ಅವಳು ಎದ್ದು ನಿಂತಳು.

ಇಷ್ಟು ದಿನ ಮಸೆದಿಟ್ಟ ಮಾತು, ಒಂದೂ ಮೊಂಡಾಗಿರಲಿಲ್ಲ. ಬೆಂಚು ಹತ್ತಿಸಿದ್ದು, ನಗಿಸಿದ್ದು, ಹುಡುಗಿ ಲೋಟ ತೋರಿಸಿ ನೀರು ಕೇಳಿದ್ದು, ಎಲ್ಲವನ್ನೂ ಹೇಳಿದಳು. "ಆ ಚಾಳಿ ಇವರು ಇನ್ನೂ ಬಿಟ್ಟಿಲ್ಲ. ನನ್ನ ಚಿಕ್ಕ ಮಗಳೇ ಸಾಕ್ಷಿ," ಎಂದಳು.

ಕನ್ನಡಕದ ಟೀಚರ್ ಮುಖ ಸುಣ್ಣದ ಗೋಡೆಯಾಯಿತು. ಹೆಡ್ ಮಾಸ್ಟರ್ ಕೆಮ್ಮಿದರು. "ಅಮ್ಮಾ, ಇದು ಸಣ್ಣ ಮಾತಲ್ಲ..."

"ನಾನೂ ಸಣ್ಣ ಮಾತಾಡೋಕೆ ಬಂದಿಲ್ಲ ಸಾರ್." ಅವಳು ರೇಡಿಯೋವನ್ನು ಮುಂದಕ್ಕೆ ತಂದು ನಿಲ್ಲಿಸಿದಳು. "ಮನೇಲಿ ಟಕ್ ಟಕ್ ಅಂತ ಸ್ಕೂಲಾಟ ಆಡ್ತೀಯಲ್ಲ ಬಂಗಾರಿ, ಅದನ್ನ ಇಲ್ಲಿ ಆಡಿ ತೋರ್ಸು. ಹೆದರ್ಕೋಬೇಡ, ನಾನಿದ್ದೀನಿ."

ಹೆದರುವುದೆಲ್ಲಿಂದ ಬಂತು! ಇಷ್ಟು ಜನ ಕೇಳುಗರು ಅವಳಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಮೇಜಿನ ಮೇಲಿದ್ದ ಸ್ಕೇಲು ಎತ್ತಿಕೊಂಡು ಟಕ್ ಎಂದು ಬಡಿದಳು. "ಓದು ಅಂದೆ! ಬಾಯಲ್ಲೇನು ಕಲ್ಲಿಟ್ಕೊಂಡಿದ್ದೀಯಾ?" ಜನ ಉಸಿರು ಬಿಗಿಹಿಡಿದರು. "ಜೀವಮಾನವೆಲ್ಲ ಜನ ನಗ್ತಾರೆ. ಮತ್ತೆ ಮೊದಲಿಂದ!" ಯಾವುದೋ ಮಗುವಿನ ಅಜ್ಜಿ "ಅಯ್ಯೋ ಪಾಪಿ" ಎಂದರು. ಕನ್ನಡಕದ ಟೀಚರ್ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಒಂದು ಮಾತೂ ಹೊರಡಲಿಲ್ಲ.

ಫ್ರೇಮ್ ಅಂಗಡಿಯಾಕೆ ಆ ಮುಖವನ್ನು ಕಣ್ತುಂಬ ನೋಡಿದಳು. ಇದಕ್ಕಾಗಿಯೇ ಅವಳು ಕಾದಿದ್ದು. ಜೀವ ತಂಪಾಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ.

"ಹೀಗೆ ಬೈಯೋದು ಯಾರು ಕಂದಾ? ಎಲ್ರಿಗೂ ಕೇಳೋ ಹಾಗೆ ಹೇಳು."

"ನೀನೇ!" ಎಂದಳು ರೇಡಿಯೋ, ಇಷ್ಟೂ ಗೊತ್ತಾಗಲಿಲ್ಲವೇ ಎಂಬಂತೆ. "ಇದು ಅಕ್ಕನ ಸ್ಕೂಲು, ನಮ್ಮನೇದು. ಮಿಸ್ ಸ್ಕೂಲಾಟ ಬೇರೆ ಇದೆ. ಅದ್ರಲ್ಲಿ ಹಾಡಿರುತ್ತೆ. ಅದನ್ನೂ ಆಡ್ಲಾ?"

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು. ತಾಯಿಗೆ ಕಿವಿಯೆಲ್ಲ ಬಿಸಿಯಾಯಿತು. ಟಕ್ ಟಕ್ ಸದ್ದು, ಕಲ್ಲು, ಜೀವಮಾನ, ಪ್ರತಿಯೊಂದೂ ಅವಳದೇ. ಅಷ್ಟು ಸಲ ಆಡಿದ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದಾಗ ಅವಳಿಗೆ ಗುರುತೇ ಸಿಕ್ಕಿರಲಿಲ್ಲ.

"ಅ... ಅದು ಹಾಗಲ್ಲ... ನಾ-ನಾನು ಅವಳ ಒ... ಒಳ್ಳೇದಕ್ಕೆ..."

ಕನ್ನಡಕದ ಟೀಚರ್‌ಗೆ ಈಗ ಮಾತು ವಾಪಸು ಬಂದಿತ್ತು. ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ಪರವಾಗಿಲ್ಲ, ನಿಧಾನಕ್ಕೆ ಹೇಳಿ. ಬೆಳಗಾಗೋದ್ರೊಳಗೆ ಮುಗಿಸಿದ್ರೆ ಸಾಕು."

ಈ ಸಲ ಹೆಡ್ ಮಾಸ್ಟರ್ ಕೂಡ ನಕ್ಕರು. ಆ ಹೆಂಗಸು ಒಂದಿಷ್ಟೂ ಬದಲಾಗಿರಲಿಲ್ಲ. ಆದರೆ ಅದನ್ನು ಹೇಳೋಣವೆಂದರೆ ಈಗ ಆ ಕೋಣೆಯಲ್ಲಿ ಇವಳ ಮಾತು ಕೇಳುವವರು ಯಾರೂ ಉಳಿದಿರಲಿಲ್ಲ. ರೇಡಿಯೋವನ್ನು ಎತ್ತಿಕೊಂಡು, ಇಂಗು ತಿಂದ ಮಂಗನ ಮುಖ ಹೊತ್ತು ಹೊರಗೆ ಬಂದಳು.

ಮನೆ ತಲುಪಿದ ಕೂಡಲೇ ರೇಡಿಯೋ ಒಂದಕ್ಷರ ಬಿಡದೆ ಎಲ್ಲವನ್ನೂ ಅಕ್ಕನಿಗೆ ಬಿತ್ತರಿಸಿ ಆಡಲು ಓಡಿಹೋದಳು. ದೊಡ್ಡವಳು ಮೇಜಿನ ಹತ್ತಿರ ನಿಂತೇ ಕೇಳಿದಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ತಾಯಿ ಕುರ್ಚಿಯಲ್ಲಿ ಕುಸಿದಳು. ಮೊನ್ನೆಯ ಆ ನಗು ನೆನಪಾಯಿತು.

"ನಿಂಗೆ ಗೊತ್ತಿತ್ತಾ, ಅವಳು ಆಡ್ತಿದ್ದಿದ್ದು ನನ್ನನ್ನೇ ಅಂತ?"

"ಗೊ... ಗೊ..." ತಾಯಿಯ ನಾಲಿಗೆ ಆ ಪದವನ್ನು ಮುಗಿಸಲು ತುದಿಗಾಲಲ್ಲಿ ನಿಂತಿತ್ತು. ಹಲ್ಲು ಕಚ್ಚಿ ಹಿಡಿದಳು. ಪದ ತಾನಾಗಿಯೇ ಬಂತು. "...ಗೊತ್ತಿತ್ತು."

"ಗೊತ್ತಿದ್ದೂ ನನ್ನನ್ನ ಅಲ್ಲಿಗೆ ಹೋಗೋಕೆ ಬಿಟ್ಯಾ? ಅಷ್ಟು ಜನರ ಮುಂದೆ... ಯಾ... ಯಾಕೆ ಹೇಳ್ಲಿಲ್ಲ ಪುಟ್ಟಿ?" ತಾಯಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

ದೊಡ್ಡವಳು ಮೇಜಿನ ಮೇಲಿದ್ದ ತುಂಡು ಪಟ್ಟಿಯನ್ನು ಎತ್ತಿಕೊಂಡಳು. ತಾಯಿಯ ಮುಂದೆ ಅದನ್ನು ಟಕ್ ಎಂದು ಒಮ್ಮೆ ಬಡಿದಳು.

"ಅಳ್ಬೇಡ. ಮತ್ತೆ ಮೊದಲಿಂದ," ಎಂದಳು.

ಒಂದು ಅಕ್ಷರವೂ ಉಗ್ಗಲಿಲ್ಲ. ಆ ಮನೆಯಲ್ಲಿ ಅವಳು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ್ದು ಅದೇ ಪಾಠ.

ತಾಯಿ ಕಣ್ಣೊರೆಸಿಕೊಂಡು ಎದ್ದು ನಿಂತಳು. ಅದೇ ಪ್ರಶ್ನೆಯನ್ನು ಮೊದಲಿಂದ ಕೇಳಿದಳು.