ಮಂಗಳವಾರ ಬಿಟ್ಟು ಹದಿನೈದು ದಿನ

ನಾನು ಒಂದು ಸೂತ್ರ. ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಒಂದು ಚೌಕದೊಳಗೆ ಕೂತು ದಿನ ಎಣಿಸುವುದು ನನ್ನ ಕೆಲಸ. ಕೆಲಸ ಹಿಡಿದ ತಾರೀಖು ಕೊಟ್ಟರೆ ಸಾಕು, ನಡುವಿನ ರಜೆಗಳನ್ನೆಲ್ಲ ಬಿಟ್ಟು ಹದಿನೈದನೆಯ ಕೆಲಸದ ದಿನ ಯಾವುದೆಂದು ಹೇಳುತ್ತೇನೆ.

ನನ್ನನ್ನು ಬರೆದವಳು ನಸೀಮಾ ಮುಲ್ಲಾ. ಗದಗದಲ್ಲಿ ಕೃತಕ ಕಾಲು ಮಾಡಿಕೊಡುವ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ಅವಳು ಗುಮಾಸ್ತೆ. ಅಲ್ಲಿ ಒಂದು ಕಾಲಿಗೆ ಹದಿನೈದು ಕೆಲಸದ ದಿನ ಹಿಡಿಯುತ್ತದೆ. ನಾನು ಹುಟ್ಟುವ ಮೊದಲು ಅವಳು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸುತ್ತಿದ್ದಳು. ನಡುವೆ ಫೋನ್ ಬಂದರೆ ಮತ್ತೆ ಮೊದಲಿನಿಂದ.

ಹುಟ್ಟಿದ ಕೂಡಲೇ ನಾನು ಕೊಟ್ಟ ಉತ್ತರ ನಲವತ್ತೈದು ಸಾವಿರ ಚಿಲ್ಲರೆ. ಮಾಲೀಕರಾದ ಗುರುಶಾಂತಪ್ಪ ಹೊಂಬಳರು ಬಗ್ಗಿ ನೋಡಿದರು.

"ಒಂದ ಕಾಲಿಗೆ ನಲವತ್ತೈದ ಸಾವಿರ ದಿನ ಬೇಕಂತೇನವಾ? ಅಷ್ಟೊತ್ತಿಗೆ ಆ ಪೇಷಂಟೂ ಇರಂಗಿಲ್ಲ, ನಾನೂ ಇರಂಗಿಲ್ಲ."

"ಇದು ತಾರೀಖರೀ ಸರ. ಕಂಪ್ಯೂಟರ್ ಒಳಗ ಒಂದೊಂದ ದಿನಕ್ಕ ಒಂದೊಂದ ನಂಬರ್ ಇರ್ತೈತಿ. ತಡೀರಿ, ಇದಕ್ಕ ಬಟ್ಟಿ ತೊಡಸ್ತೇನಿ," ಎಂದು ನಸೀಮಾ ಎರಡು ಸಲ ಒತ್ತಿದಳು. ನಾನು ತಾರೀಖಾಗಿ ಕಾಣಿಸಿಕೊಂಡೆ.

ಮುಂದಿನ ಎಂಟು ತಿಂಗಳು ನನ್ನದು ರಾಜಯೋಗ. ನಾನು ಹೇಳಿದ ದಿನಕ್ಕಿಂತ ಒಂದೆರಡು ದಿನ ಮೊದಲೇ ಕಾಲು ತಯಾರಾಗುತ್ತಿತ್ತು. ಹೇಳಿದ್ದಕ್ಕಿಂತ ಬೇಗ ಕೊಡುತ್ತಾರೆಂದು ಕಾರ್ಖಾನೆಗೆ ಒಳ್ಳೆಯ ಹೆಸರು ಬಂತು. ಅದು ನನ್ನ ತಪ್ಪಿನಿಂದ ಬಂದ ಹೆಸರೆಂದು ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದವಳು ದ್ಯಾಮವ್ವ. ಐವತ್ತು ದಾಟಿದ ಗೀಗೀ ಪದದ ಹಾಡುಗಾರ್ತಿ. ಹತ್ತು ವರ್ಷದಿಂದ ಮೊಣಕಾಲಿನ ಕೆಳಗೆ ಕೃತಕ ಕಾಲು ಕಟ್ಟಿಕೊಂಡೇ ಊರೂರು ಹಾಡುತ್ತಿದ್ದಳು. ಆ ಕಾಲು ಬಿರಿದಿತ್ತು. ಎಂಟನೆಯ ತಾರೀಖು, ಶನಿವಾರ, ಬಡಿಗೆ ಊರಿಕೊಂಡು ಆಫೀಸಿಗೆ ಬಂದಳು. ಅಳತೆ ಕೊಟ್ಟಾದ ಮೇಲೆ ನಸೀಮಾ ನನ್ನನ್ನು ಕೇಳಿದಳು. ನಾನು ಇಪ್ಪತ್ತೆಂಟು, ಶುಕ್ರವಾರ ಎಂದೆ.

ದ್ಯಾಮವ್ವನ ಮುಖ ಸಣ್ಣದಾಯಿತು. "ಇಪ್ಪತ್ತೇಳಕ್ಕ ಹುಬ್ಬಳ್ಳಿಯೊಳಗ ನಮ್ಮ ಮೇಳದ ಕಾರ್ಯಕ್ರಮ ಐತಿ ಯವ್ವಾ. ಗೀಗೀ ಪದ ದಪ್ಪು ಬಾರಿಸಕೋತ ನಿಂತ ಹಾಡಬೇಕು. ಕುಂತ್ರ ದಪ್ಪಿನ ಪೆಟ್ಟ ಎದಿಗೆ ಏರಂಗಿಲ್ಲ. ಬರಂಗಿಲ್ಲಂತ ಹೇಳಿ ಕಳಸ್ತೇನಿ ಬಿಡು."

ಎದ್ದು ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಒಳಗೆ ಕೆಲಸದ ಸದ್ದು ಕೇಳುತ್ತಿತ್ತು.

"ನಾಳೆ ರವಿವಾರ ನಿಮಗ ಸೂಟಿ ಏನು?"

"ಇಲ್ಲಬೇ. ಹಳ್ಳಿ ಮಂದಿ ರವಿವಾರನ ಬರ್ತಾರ. ನಮಗ ಮಂಗಳವಾರ ಒಂದ ಸೂಟಿ."

ದ್ಯಾಮವ್ವ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿದಳು. ಮೂರು ಕಡೆ ಹಾರಿಸಿದಳು. "ಇಪ್ಪತ್ತಾರಕ್ಕ ಮುಗೀತೈತಲ್ಲ? ನಾ ತಾಳ ಎಣಸಾಕಿ ನೋಡವಾ, ತಪ್ಪಂಗಿಲ್ಲ."

ನಸೀಮಾ ಕ್ಯಾಲೆಂಡರ್ ನೋಡಿದಳು, ನನ್ನನ್ನು ನೋಡಿದಳು. ಶನಿವಾರ, ರವಿವಾರ ಎರಡೂ ರಜೆ ಎಂದು ನಾನು ಹುಟ್ಟಿನಿಂದಲೇ ನಂಬಿಕೊಂಡಿದ್ದೆ. ಮಂಗಳವಾರ ಬಾಗಿಲು ಹಾಕುವ ಕಾರ್ಖಾನೆಯಲ್ಲಿ ನಾನಿದ್ದೇನೆಂದು ನನಗೆ ಯಾರೂ ಹೇಳಿರಲಿಲ್ಲ. ನಸೀಮಾ ನನ್ನನ್ನು ಬಿಚ್ಚಿ, ವಾರದ ರಜೆಯ ಜಾಗದಲ್ಲಿ ಹದಿಮೂರು ಎಂದು ಬರೆದಳು. ಸೂತ್ರಗಳ ಭಾಷೆಯಲ್ಲಿ ಅದರರ್ಥ ಮಂಗಳವಾರ ಮಾತ್ರ. ನಾನು ಮತ್ತೆ ಎಣಿಸಿದೆ. ಇಪ್ಪತ್ತಾರು, ಬುಧವಾರ. ದ್ಯಾಮವ್ವನ ಬೆರಳೇ ಸರಿ.

ಹೊಂಬಳರು ತಲೆ ಕೆರೆದುಕೊಂಡರು. "ಎರಡ ದಿನ ಕೈಯಾಗ ಇರ್ತಿದ್ವು. ಅವನ್ನೂ ಕಳದಿ."

ಕಾಲು ಮಾಡುವ ಮಾರುತೆಪ್ಪ ಒಳಗಿನಿಂದಲೇ ಹೇಳಿದ: "ಹದಿನೈದಂದ್ರ ಹದಿನೈದರೀ. ಬರಕೊಳ್ರಿ."

ಇಪ್ಪತ್ತಮೂರಕ್ಕೆ, ರವಿವಾರ, ದ್ಯಾಮವ್ವ ಹಾಕಿ ನೋಡಲು ಬಂದಳು. ನಾಲ್ಕು ಹೆಜ್ಜೆ ನಡೆದು ಕೂತುಬಿಟ್ಟಳು. ಮೊಣಕಾಲಿನ ಕೆಳಗೆ ಚುಚ್ಚುತ್ತಿತ್ತು. ಕಾಲು ಕೂರುವ ಬಟ್ಟಲನ್ನೇ ಹೊಸದಾಗಿ ಎರೆಯಬೇಕಾಯಿತು. ಅದಕ್ಕೆ ಮೂರು ದಿನ ಬೇಕು. ನನ್ನ ಲೆಕ್ಕದಲ್ಲಿ ಉಳಿದದ್ದು ಸೋಮವಾರ ಮತ್ತು ಬುಧವಾರ, ಎರಡೇ. ಸೂತ್ರಕ್ಕೆ ದಿನ ಹುಟ್ಟಿಸಲು ಬರುವುದಿಲ್ಲ.

ಬುಧವಾರ ಮಧ್ಯಾಹ್ನ ದ್ಯಾಮವ್ವ ಹೊಸ ಕಾಲಿನ ಮೇಲೆ ಎದ್ದು ನಿಂತಳು. ಬಾಗಿಲವರೆಗೆ ಹೋಗಿ ಬಂದಳು. ಆಮೇಲೆ ನಸೀಮಾಳ ಮೇಜಿನ ಮೇಲೇ ತಾಳ ಹಾಕುತ್ತ ಒಂದು ನುಡಿ ಹಾಡಿದಳು. ಮೇಜು ಅದುರಿ ನನ್ನ ಪರದೆಯೂ ಅದುರಿತು. "ಇನ್ನ ಚುಚ್ಚತೈತೇನ?" ಎಂದು ಮಾರುತೆಪ್ಪ ಕೇಳಿದ. "ಹಾಡೂವಾಗ ಲಕ್ಷ್ಯನ ಬರಲಿಲ್ಲ ತಮ್ಮಾ," ಎಂದಳು.

ಅವಳು ಹೋದ ಮೇಲೆ ನಸೀಮಾ ನನ್ನ ಪಕ್ಕದ ಚೌಕದಲ್ಲಿ ನಾಲ್ಕು ಪದ ಬರೆದಳು: 'ಮಾರುತೆಪ್ಪ ಮಂಗಳವಾರವೂ ಬಂದು ಮಾಡಿದ.' ಅದನ್ನು ಓದಿಯೇ ನನಗೆ ವಿಷಯ ತಿಳಿದದ್ದು. ನಾನು ಇಲ್ಲವೆಂದು ಬಿಟ್ಟಿದ್ದ ದಿನದಂದು ಅವನೊಬ್ಬನೇ ಬೀಗ ತೆಗೆದು ಒಳಗೆ ಕೂತಿದ್ದ.

ಮರುವರ್ಷ ನಸೀಮಾಳಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು. ನಾನು ಹೊಸ ಗುಮಾಸ್ತೆ ತೇಜಾವತಿಯ ಕೈಗೆ ಬಂದೆ. ಅವಳು ತಾರೀಖಿನ ನಡುವೆ ಚುಕ್ಕಿ ಇಡುವವಳು. ನಮ್ಮ ಕಂಪ್ಯೂಟರಿನಲ್ಲಿ ಅದು ತಾರೀಖಾಗದೆ ಬರೀ ಅಕ್ಷರವಾಗುತ್ತಿತ್ತು, ನಾನು ತಪ್ಪು ಎಂದು ಕೂಗುತ್ತಿದ್ದೆ. "ಇದಕ್ಕ ನನ್ನ ಕಂಡ್ರ ಆಗಂಗಿಲ್ಲ," ಎಂದು ಅವಳು ಫೋನಿನಲ್ಲಿ ನಸೀಮಾಳಿಗೆ ದೂರು ಹೇಳಿದಳು. ಚುಕ್ಕಿಯ ಬದಲು ಓರೆಗೀಟು ಹಾಕಲು ಕಲಿತ ಮೇಲೆ ನಾವಿಬ್ಬರೂ ಐದು ವರ್ಷ ಚೆನ್ನಾಗಿ ಬಾಳಿದೆವು. ಪ್ರತಿ ಜನವರಿಯಲ್ಲಿ ಅವಳು ಹಬ್ಬದ ರಜೆಗಳ ಹೊಸ ಪಟ್ಟಿ ಬರೆದುಕೊಡುತ್ತಿದ್ದಳು. ಯಾವ ಹಬ್ಬ ಮಂಗಳವಾರವೇ ಬಂದು ಅವಳ ಒಂದು ರಜೆ ತಿಂದುಹಾಕಿದೆ ಎಂದು ಇಬ್ಬರೂ ಮೊದಲು ನೋಡುತ್ತಿದ್ದೆವು.

ಈಗ ಕಾರ್ಖಾನೆಗೆ ಹೊಸ ಸಾಫ್ಟ್‌ವೇರ್ ಬಂದಿದೆ. ನಾನಿರುವ ಕಂಪ್ಯೂಟರ್ ಸಾಮಾನಿನ ಕೋಣೆಯಲ್ಲಿದೆ. ಆಗೊಮ್ಮೆ ಈಗೊಮ್ಮೆ, ಹಳೆಯ ವಿಳಾಸ ಬೇಕಾದಾಗ, ತೇಜಾವತಿ ಬಂದು ನನ್ನ ಹಾಳೆ ತೆರೆಯುತ್ತಾಳೆ. ವಿಳಾಸ ಸಿಕ್ಕ ಮೇಲೂ ಹೋಗುವುದಿಲ್ಲ. ಹೆಸರು ಓದುತ್ತ ಕೆಳಗಿಳಿಯುತ್ತಾಳೆ. ಇವರು ಈಗ ಸೈಕಲ್ ಹೊಡೀತಾರ, ಇವರು ಮೊನ್ನೆ ಬಸ್‌ಸ್ಟ್ಯಾಂಡಿನಾಗ ಸಿಕ್ಕಿದ್ರು, ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾಳೆ.

ಒಟ್ಟು ಆರು ನೂರ ಹನ್ನೆರಡು ಸಾಲು. ಪ್ರತಿ ಹೆಸರಿನ ಮುಂದೆ ನಾನು ಕೊಟ್ಟ ಒಂದು ತಾರೀಖು; ಮೊದಲ ಎಂಟು ತಿಂಗಳಿನವನ್ನೂ ನಸೀಮಾ ಆಗಲೇ ತಿದ್ದಿಸಿದ್ದಳು. ಆ ದಿನಗಳೆಲ್ಲ ಎಂದೋ ಮುಗಿದಿವೆ. ನನಗೆ ಕಾಲಿಲ್ಲ, ನಡಿಗೆ ಎಂದರೇನೆಂದು ತಿಳಿಯದು. ಆದರೆ ಒಬ್ಬೊಬ್ಬರು ಯಾವ ದಿನ ಈ ಬಾಗಿಲು ದಾಟಿ ನಡೆದುಹೋದರೆಂದು ಕೇಳಿ, ಹೇಳುತ್ತೇನೆ.